ಕಡಲ ತಳದ ತೈಲಕ್ಕೆ ಹೊಸೂರು ರಸ್ತೆಯ ದುಡ್ಡು

ಕರ್ನಾಟಕಕ್ಕೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಕಡಲ ತೀರವಿದೆ. ಮಂಗಳೂರಿನಲ್ಲಿ ಎಂಆರ್‌ಪಿಎಲ್‌ನ ತೈಲ ಶುದ್ಧೀಕರಣ ಘಟಕವಿದೆ. ಕಷ್ಟಕಾಲಕ್ಕೆಂದು ದೇಶ ಕೂಡಿಡುವ ಕಚ್ಚಾ ತೈಲಕ್ಕೆ ಮಂಗಳೂರಿನ ಬಂಡೆ ಕೊರೆದು 15 ಲಕ್ಷ ಟನ್ನಿನ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ನಿನ ಗವಿಗಳನ್ನು ಮಾಡಿದ್ದಾರೆ. ಆದರೆ ಅಲ್ಲಿ ತುಂಬಿರುವ ತೈಲದಲ್ಲಿ ಒಂದು ಹನಿಯೂ ನಮ್ಮ ಕಡಲಿನದಲ್ಲ. ಹೀಗಿದ್ದರೂ ಕಡಲ ತಳದಲ್ಲಿ ತೈಲ ಹುಡುಕುವ ಸಣ್ಣ ಕಂಪನಿಗಳಿಗೆ ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಬೊಮ್ಮನಹಳ್ಳಿಯ ಕಾರ್ಖಾನೆ ನೌಕರರ ಉಳಿತಾಯದ ದುಡ್ಡು ಹೋಗಿದೆ. ಬೋನಸ್ ಹಣ, ಚೀಟಿ ಎತ್ತಿದ ಹಣ, ಮಗಳ ಮದುವೆಗೆಂದು ತೆಗೆದಿಟ್ಟ ಹಣ. ಇದನ್ನು ಯಾರಾದರೂ ಬರೆದಿಡಬೇಕು ಎಂದು ಬಹಳ ಕಾಲದಿಂದ ನನಗೆ ಅನ್ನಿಸುತ್ತಿತ್ತು.

ನಾನು ಹೊಸೂರು ರಸ್ತೆಯ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದವನು. ಬೊಮ್ಮನಹಳ್ಳಿ ಇನ್ನೂ ಬೆಂಗಳೂರಿಗೆ ಸೇರದಿದ್ದ ಕಾಲ ಅದು. ಮುಂದೆ ನಗರಸಭೆಯಾಯಿತು, 2007ರಲ್ಲಿ ಬಿಬಿಎಂಪಿಯೊಳಗೆ ಸೇರಿತು. ನಾನು ಕೆಲಸದಲ್ಲಿದ್ದ ಆ ಕಾಲದಲ್ಲಿ ಷೇರು ಕೊಳ್ಳುವುದೆಂದರೆ ಬಸ್ಸು ಹತ್ತಿ ಟೌನ್‌ಹಾಲ್ ಬಳಿ ಇಳಿದು ಜೆ.ಸಿ. ರಸ್ತೆಗೆ ಹೋಗುವುದು. 1963ರಲ್ಲಿ ಶುರುವಾದ ಬೆಂಗಳೂರು ಷೇರು ವಿನಿಮಯ ಕೇಂದ್ರದ ಕಟ್ಟಡ ಅಲ್ಲಿತ್ತು, ಅದರ ಸುತ್ತ ಬ್ರೋಕರುಗಳ ಕಚೇರಿಗಳಿದ್ದವು. ಹೊಸ ಕಂಪನಿಗಳ ಅರ್ಜಿ ಫಾರಂ ಕಟ್ಟುಗಳು ಮೆಟ್ಟಿಲ ಮೇಲೇ ಬಿದ್ದಿರುತ್ತಿದ್ದವು. ಲೆಕ್ಕ ಗೊತ್ತಿರುವವನೆಂದು ಜೊತೆಯವರು ಫಾರಂ ತುಂಬಿಸಿಕೊಳ್ಳಲು ನನ್ನ ಮೇಜಿಗೆ ಬರುತ್ತಿದ್ದರು. ಯಾರು ಯಾವ ಷೇರಿನ ಮೇಲೆ ಎಷ್ಟು ಆಸೆ ಇಟ್ಟಿದ್ದಾರೆ ಎಂಬುದು ನನಗೆ ತಿಳಿಯುತ್ತಿದ್ದದ್ದು ಹಾಗೆ.

ನೆಲದೊಳಗೆ ಇರಬಹುದಾದದ್ದಕ್ಕೆ ದುಡ್ಡು ಹಾಕುವ ಈ ಪದ್ಧತಿ ನಮ್ಮ ಸೀಮೆಗೆ ಹೊಸದಲ್ಲ. 1873ರಲ್ಲಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಮೈಕೆಲ್ ಲ್ಯಾವೆಲ್ ಎಂಬ ಐರಿಶ್ ನಿವೃತ್ತ ಸೈನಿಕ ಕೋಲಾರದಲ್ಲಿ ಗಣಿ ತೋಡಲು ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. 1875ರಲ್ಲಿ ಅನುಮತಿ ಸಿಕ್ಕಿತು, ಆದರೆ ಕೈಯಲ್ಲಿ ಬಂಡವಾಳವಿರಲಿಲ್ಲ. ಎರಡೇ ವರ್ಷದಲ್ಲಿ ಹಕ್ಕನ್ನು ಸೇನಾಧಿಕಾರಿಗಳ ಒಂದು ಕೂಟಕ್ಕೆ ಬಿಟ್ಟುಕೊಟ್ಟ. 1880ರ ಹೊತ್ತಿಗೆ ಲಂಡನ್ನಿನಲ್ಲಿ ಕೋಲಾರದ ಹೆಸರಿನ ಕಂಪನಿಗಳು ಹುಟ್ಟಿ, ಷೇರುಗಳು ಬಿಕರಿಯಾದವು. ಹಣ ಹಾಕಿದವರಲ್ಲಿ ಹೆಚ್ಚಿನವರು ಕೋಲಾರವನ್ನು ಕಂಡವರಲ್ಲ. ಮೂರು ನಾಲ್ಕು ವರ್ಷ ತೋಡಿದರೂ ಚಿನ್ನ ಸರಿಯಾಗಿ ಸಿಗಲಿಲ್ಲ. ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಗಂಟು ಕರಗುತ್ತಾ ಬಂತು, ಬಾಗಿಲು ಹಾಕೋಣ ಎಂಬ ಮಾತೂ ಬಂತು. ಉಳಿದ ಹಣವನ್ನೂ ನೆಲಕ್ಕೇ ಹಾಕೋಣ ಎಂದು ಷೇರುದಾರರನ್ನು ಒಪ್ಪಿಸಿದವರು ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು. ಅವರ ಕಡೆಯ ಕ್ಯಾಪ್ಟನ್ ಪ್ಲಮ್ಮರ್ ಹಳೆಯ ಕಾಲದವರು ತೋಡಿಬಿಟ್ಟಿದ್ದ ಗುಂಡಿಗಳ ಕೆಳಗೆ ಇಳಿದು ಚಾಂಪಿಯನ್ ಎಂಬ ಚಿನ್ನದ ಪದರವನ್ನು ಮುಟ್ಟಿದ. ಆಮೇಲಿನದು 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗಿನ ದೊಡ್ಡ ಕಥೆ.

ಅದೇ ಹೊತ್ತಿನಲ್ಲಿ ಪಕ್ಕದ ವಯನಾಡಿನ ಚಿನ್ನಕ್ಕೂ ಲಂಡನ್ನಿನಲ್ಲಿ ಕಂಪನಿಗಳು ಎದ್ದಿದ್ದವು, ಅಲ್ಲಿ ಹಾಕಿದ ಹಣ ಮುಳುಗಿತು. ಜನ ಕೋಲಾರವನ್ನು ನೆನೆಯುತ್ತಾರೆ, ವಯನಾಡನ್ನು ಮರೆತಿದ್ದಾರೆ. ಲ್ಯಾವೆಲ್ ಹೆಸರಿನ ರಸ್ತೆಯಂತೂ ಬೆಂಗಳೂರಿನ ನಡುವೆ ಇಂದಿಗೂ ಇದೆ.

ಕಡಲಿನ ತೈಲಕ್ಕೆ ಬರೋಣ. 1974ರ ಫೆಬ್ರವರಿಯಲ್ಲಿ ಸಾಗರ್ ಸಮ್ರಾಟ್ ರಿಗ್ ಬಾಂಬೆ ಹೈನಲ್ಲಿ ತೈಲ ಮುಟ್ಟಿದಾಗ ಅದು ಸರ್ಕಾರದ ಒಎನ್‌ಜಿಸಿಯ ಕೆಲಸ. ಜನಸಾಮಾನ್ಯರಿಗೆ ಅದರಲ್ಲಿ ಪಾಲು ಕೊಳ್ಳುವ ದಾರಿಯೇ ಇರಲಿಲ್ಲ. ಆ ದಾರಿ ತೆರೆದದ್ದು 1983ರಲ್ಲಿ. ಎಚ್‌ಡಿಎಫ್‌ಸಿ ಕಟ್ಟಿದ ಎಚ್.ಟಿ. ಪಾರೇಖ್ ಅವರು ಹಿಂದೂಸ್ತಾನ್ ಆಯಿಲ್ ಎಕ್ಸ್‌ಪ್ಲೊರೇಶನ್ ಕಂಪನಿಯನ್ನು ಶುರುಮಾಡಿದರು. ಸ್ವಾತಂತ್ರ್ಯದ ನಂತರ ತೈಲ ಹುಡುಕಾಟಕ್ಕೆ ಇಳಿದ ಮೊದಲ ಖಾಸಗಿ ಭಾರತೀಯ ಕಂಪನಿ ಅದು. ಮನೆ ಸಾಲ ಕೊಡುವ ಸಂಸ್ಥೆ ಕಟ್ಟಿದವರೇ ಇದನ್ನೂ ಕಟ್ಟಿದ್ದಾರೆ ಎಂಬ ನಂಬಿಕೆಯಿಂದಲೇ ನಮ್ಮವರು ಎಚ್‌ಒಇಸಿ ಎಂಬ ನಾಲ್ಕಕ್ಷರದ ಷೇರನ್ನು ಕೇಳುತ್ತಿದ್ದರು. ಕಂಪನಿ ಏನು ಮಾಡುತ್ತದೆ ಎಂದು ಕೇಳಿದವರು ಕಡಿಮೆ, ಯಾರು ಮಾಡಿದ್ದು ಎಂದು ಕೇಳಿದವರೇ ಹೆಚ್ಚು.

ಆಗಿನ ಷೇರು ಕಾಗದದ್ದು. ನೂರರ ಲಾಟ್. ಕೊಂಡ ಮೇಲೆ ವರ್ಗಾವಣೆ ಪತ್ರಕ್ಕೆ ಸಹಿ ಹಾಕಿ, ಸ್ಟಾಂಪು ಅಂಟಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. ಮಾರಿದವನ ಸಹಿ ಹೊಂದದಿದ್ದರೆ ‘ಬ್ಯಾಡ್ ಡೆಲಿವರಿ’ ಎಂದು ತಿಂಗಳುಗಟ್ಟಲೆ ನಿಂತ ನಂತರ ಲಕೋಟೆ ವಾಪಸು ಬರುತ್ತಿತ್ತು. 1996ರಲ್ಲಿ ಡಿಪಾಸಿಟರಿ ಕಾಯ್ದೆ ಬಂದು ಡಿಮ್ಯಾಟ್ ಶುರುವಾದರೂ ನಮ್ಮ ಕಡೆಯ ಬಹಳ ಮಂದಿ ಸರ್ಟಿಫಿಕೇಟನ್ನು ಕೈಬಿಡಲಿಲ್ಲ. ಕೈಗೆ ಸಿಗುವ ಕಾಗದವಿದ್ದರೆ ಆಸ್ತಿ ಇದ್ದಂತೆ ಎಂದು ಬೀಗ ಹಾಕಿ ಟ್ರಂಕಿನಲ್ಲಿಟ್ಟರು.

ಎಚ್‌ಒಇಸಿಯ ಹೆಸರು ಬೆಸೆದುಕೊಂಡದ್ದು ಪಿವೈ-1 ಎಂಬ ಅನಿಲ ನಿಕ್ಷೇಪಕ್ಕೆ. ತಮಿಳುನಾಡಿನ ತೀರದಾಚೆ, ಕಾವೇರಿ ಬೇಸಿನ್ ಎಂದು ಕರೆಯುವ ಕಡಲ ಭಾಗದಲ್ಲಿ ಅದಿದೆ. ಒಎನ್‌ಜಿಸಿ ಅದನ್ನು ಕಂಡುಹಿಡಿದದ್ದು 1980ರಲ್ಲಿ. ಕಂಡುಹಿಡಿದು ಬಿಟ್ಟಿದ್ದ ಇಂಥ ನಿಕ್ಷೇಪಗಳನ್ನು ಸರ್ಕಾರ ಖಾಸಗಿಯವರಿಗೆ ಕೊಡತೊಡಗಿದಾಗ 1995ರಲ್ಲಿ ಒಪ್ಪಂದವಾಯಿತು. ಅಲ್ಲಿಂದ ಅನಿಲ ಕೊಳವೆಯಲ್ಲಿ ಹರಿದು ದಡ ಮುಟ್ಟಿದ್ದು 2009ರ ನವೆಂಬರಿನಲ್ಲಿ. ಇಪ್ಪತ್ತೊಂಬತ್ತು ವರ್ಷ! ಒಪ್ಪಂದದಿಂದ ಎಣಿಸಿದರೂ ಹದಿನಾಲ್ಕು. ಈ ಅವಧಿಯ ತುಂಬ ಷೇರು ಮಾತ್ರ ಸುಮ್ಮನಿರಲಿಲ್ಲ. ಒಪ್ಪಂದದ ಸುದ್ದಿಗೆ ಏರಿತು, ತಡವಾದ ಸುದ್ದಿಗೆ ಇಳಿಯಿತು. ಬ್ರಿಟನ್ನಿನ ಬರೆನ್ ಎನರ್ಜಿ ಪಾಲು ಹಿಡಿಯಿತು, ಆ ಬರೆನ್ನನ್ನೇ ಇಟಲಿಯ ಎನಿ ಕೊಂಡಿತು, ಮತ್ತೆ ಏರಿತು. ಅನಿಲ ಬರುವ ವರ್ಷದಲ್ಲಿ ಬೆಲೆ ನೂರಾರು ರೂಪಾಯಿ. ಬಂದ ಮೇಲೆ ಹರಿವು ಅಂದಾಜಿನಷ್ಟು ನಿಲ್ಲಲಿಲ್ಲ, ಕೆಲವೇ ವರ್ಷಗಳಲ್ಲಿ ಷೇರು ಎರಡಂಕಿಗೆ ಇಳಿಯಿತು.

ಏಕೆ ಹೀಗಾಯಿತು ಎಂಬುದು ಬೊಮ್ಮನಹಳ್ಳಿಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಪಿವೈ-1ರ ಅನಿಲ ಇದ್ದದ್ದು ಮರಳುಗಲ್ಲಿನಲ್ಲಲ್ಲ, ಬಿರುಕು ಬಿಟ್ಟ ಗ್ರಾನೈಟಿನಲ್ಲಿ. ನಮ್ಮ ಬೋರ್‌ವೆಲ್ ನೀರೂ ಅಂಥದೇ ಬಂಡೆಯ ಬಿರುಕಿನಿಂದ ಬರುವುದು. ಗಾರ್ವೆಬಾವಿಪಾಳ್ಯದಲ್ಲೋ ಹೊಂಗಸಂದ್ರದಲ್ಲೋ ಬೋರ್ ಹಾಕಿಸಿದವರನ್ನು ಕೇಳಿ. ಮೊದಲ ದಿನ ಆಳೆತ್ತರ ಚಿಮ್ಮಿದ ನೀರು ಎರಡು ಬೇಸಿಗೆಗೆ ನಿಂತುಹೋದದ್ದನ್ನು ಹೇಳುತ್ತಾರೆ. ಬಿರುಕು ಎಲ್ಲಿಯವರೆಗೆ ಹೋಗಿದೆ, ಒಂದಕ್ಕೊಂದು ಸೇರಿದೆಯೇ ಎಂಬುದು ತೆಗೆಯುತ್ತಾ ಹೋದ ಮೇಲೆಯೇ ತಿಳಿಯುವುದು. ತಿರುಚೆಂಗೋಡಿನಿಂದ ಹೊಸೂರು ರಸ್ತೆಯಲ್ಲಿ ಬರುವ ರಿಗ್ ಲಾರಿಯವನಿಗೆ ನೀರು ಬಂದರೂ ಬರದಿದ್ದರೂ ಅಡಿ ಲೆಕ್ಕದ ದುಡ್ಡು ಸಲ್ಲುತ್ತದೆ. ಸೈಟಿನವನು ಮಾತ್ರ ಪೂರ್ತಿ ಅಪಾಯ ಹೊರುತ್ತಾನೆ.

ಕಡಲಲ್ಲೂ ಈ ಎರಡು ಬಗೆಯ ಕಂಪನಿಗಳಿವೆ. ನಮ್ಮವರಿಗೆ ತಿಳಿಯದೇ ಹೋದದ್ದು ಇದು. ಹುಡುಕುವ ಕಂಪನಿ ಬೇರೆ, ಅದಕ್ಕೆ ರಿಗ್ ಬಾಡಿಗೆಗೆ ಕೊಡುವ ಕಂಪನಿ ಬೇರೆ. ಚೆನ್ನೈನ ಅಬಾನ್ ಆಫ್‌ಶೋರ್ ಎರಡನೆಯ ಬಗೆಯದು. ದಿನಬಾಡಿಗೆಯ ವ್ಯಾಪಾರ, ಅಪಾಯ ಕಡಿಮೆ ಎಂದು ಬಹಳ ಮಂದಿ ನಂಬಿದ್ದರು. 2006ರಿಂದ ಅದು ನಾರ್ವೆಯ ಸಿನ್‌ವೆಸ್ಟ್ ಕಂಪನಿಯನ್ನು ಸಾಲ ಮಾಡಿ ಹಂತಹಂತವಾಗಿ ಕೊಂಡಿತು. 2008ರ ಜನವರಿಯಲ್ಲಿ ಷೇರು ಐದು ಸಾವಿರ ರೂಪಾಯಿ ದಾಟಿತು. ಅದೇ ವರ್ಷದ ಜುಲೈನಲ್ಲಿ ಕಚ್ಚಾ ತೈಲ ಬ್ಯಾರಲ್ಲಿಗೆ 147 ಡಾಲರ್ ಮುಟ್ಟಿ, ಡಿಸೆಂಬರಿಗೆ ನಲವತ್ತಕ್ಕಿಂತ ಕೆಳಗೆ ಬಂತು. ತೈಲ ಅಗ್ಗವಾದರೆ ಹುಡುಕುವವರು ಮೊದಲು ಮಾಡುವ ಕೆಲಸ ರಿಗ್ ವಾಪಸು ಕಳಿಸುವುದು. ಬಾಡಿಗೆ ನಿಂತರೂ ಸಾಲದ ಬಡ್ಡಿ ನಿಲ್ಲುವುದಿಲ್ಲ. 2010ರ ಮೇ 13ರಂದು ವೆನೆಜುವೆಲಾ ಕಡಲಲ್ಲಿ ಅದರ ಅಬಾನ್ ಪರ್ಲ್ ರಿಗ್ ಮುಳುಗಿತು. ಅದರಲ್ಲಿದ್ದ 95 ಜನರೂ ಬದುಕಿ ಬಂದರು. ಆ ಸುದ್ದಿ ಓದಿದ ದಿನ ಷೇರಿನ ಬೆಲೆ ಕೇಳುವ ಮೊದಲು ಜನ ಉಳಿದರಾ ಎಂದು ಕೇಳಿದವರು ನಮ್ಮ ಕಾರ್ಖಾನೆಯಲ್ಲಿ ಇದ್ದರು ಎಂಬುದನ್ನು ಹೆಮ್ಮೆಯಿಂದ ಹೇಳುತ್ತೇನೆ.

2002ರ ನಂತರದ ವರ್ಷಗಳು ಎಲ್ಲಕ್ಕಿಂತ ಬಿಸಿಯಾದವು. 1999ರ ಹೊಸ ಪರವಾನಗಿ ನೀತಿಯಡಿ ಕೃಷ್ಣಾ–ಗೋದಾವರಿ ಕಡಲಲ್ಲಿ ರಿಲಯನ್ಸ್ 2002ರಲ್ಲಿ ದೊಡ್ಡ ಅನಿಲ ನಿಕ್ಷೇಪ ಕಂಡಿತು. ಊಟದ ಬಿಡುವಿನಲ್ಲಿ ಸ್ಟೋರ್ಸ್‌ನ ಹಿರಿಯರೊಬ್ಬರು ಬಂದು, “ಸಾರ್, ಆಂಧ್ರದ ಸಮುದ್ರದಲ್ಲಿ ಗ್ಯಾಸು ಸಿಕ್ಕಿದೆಯಂತೆ. ಇನ್ನೂ ಸಿಗುತ್ತಂತೆ. ಸಣ್ಣ ಕಂಪನಿ ಯಾವುದಾದರೂ ಹೇಳಿ, ದೊಡ್ಡದು ನಮಗೆ ಎಟುಕಲ್ಲ” ಅಂದರು. ಈ ಮಾತು ಬೊಮ್ಮನಹಳ್ಳಿಯಲ್ಲಷ್ಟೇ ಹುಟ್ಟಲಿಲ್ಲ. ಕೆನಡಾದ ಕ್ಯಾಲ್ಗರಿಯಲ್ಲಿ ನಿಕೊ ರಿಸೋರ್ಸಸ್ ಎಂಬ ಸಣ್ಣ ಕಂಪನಿಯಿತ್ತು. ರಿಲಯನ್ಸಿಗೆ ಹುಡುಕಾಟಕ್ಕೆ ಸಿಕ್ಕಿದ್ದ ಆ ಕಡಲ ಭಾಗದಲ್ಲಿ, ಅಂದರೆ ಬ್ಲಾಕಿನಲ್ಲಿ, ಶೇ 10 ಪಾಲು ಅದರದು. ಅಲ್ಲಿನ ಸಣ್ಣ ಹೂಡಿಕೆದಾರರೂ ಹೀಗೇ ಯೋಚಿಸಿ ಕೊಂಡರು. ಷೇರು ನೂರು ಕೆನಡಾ ಡಾಲರ್ ದಾಟಿತು. 2009ರ ಏಪ್ರಿಲಿನಲ್ಲಿ ಅನಿಲ ಹರಿಯತೊಡಗಿ, ಮರುವರ್ಷ ದಿನಕ್ಕೆ ಸುಮಾರು 6 ಕೋಟಿ ಘನ ಮೀಟರ್ ತನಕ ಏರಿ, ಮೂರೇ ವರ್ಷದಲ್ಲಿ ಅದರ ಕಾಲುಭಾಗದಷ್ಟಕ್ಕೆ ಇಳಿಯಿತು. ರಿಲಯನ್ಸಿಗೆ ಬೇರೆ ವ್ಯವಹಾರಗಳಿದ್ದವು, ತಡೆದುಕೊಂಡಿತು. ನಿಕೊ ಕೊನೆಗೆ ತನ್ನ ಪಾಲಿನ ಖರ್ಚು ಕಟ್ಟಲಾಗದೆ ಆ ಪಾಲನ್ನೇ ಕಳೆದುಕೊಂಡಿತು. ಒಂದೇ ಬಾವಿ, ಒಂದೇ ಅನಿಲ. ದೊಡ್ಡದಕ್ಕೆ ಗಾಯವಾದರೆ ಸಣ್ಣದಕ್ಕೆ ಸಾವು.

ಗೆದ್ದವರ ಕಥೆಯನ್ನೂ ಮರೆಮಾಚಬಾರದು. ಸ್ಕಾಟ್ಲೆಂಡಿನ ಕೇರ್ನ್ ಎನರ್ಜಿ ಚಿಕ್ಕ ಕಂಪನಿಯಾಗಿ ಭಾರತಕ್ಕೆ ಬಂದು ಆಂಧ್ರ ಕಡಲಿನ ರವ್ವ ನಿಕ್ಷೇಪದಲ್ಲಿ ಕಾಲೂರಿತು. ರಾಜಸ್ಥಾನದ ಬ್ಲಾಕಿನಲ್ಲಿ ಶೆಲ್ ತನ್ನ ಪಾಲನ್ನು 72.5 ಲಕ್ಷ ಡಾಲರಿಗೆ ಬಿಟ್ಟುಕೊಟ್ಟಾಗ ಕೊಂಡದ್ದು ಇದೇ ಕೇರ್ನ್. 2004ರ ಜನವರಿಯಲ್ಲಿ ಅಲ್ಲಿ ಮಂಗಳಾ ತೈಲ ನಿಕ್ಷೇಪ ಸಿಕ್ಕಿತು, 2009ರಲ್ಲಿ ತೈಲ ಹರಿಯಿತು. ಐದು ವರ್ಷ ಎಂದರೆ ಈ ಕಸುಬಿನಲ್ಲಿ ಬಹಳ ಬೇಗ. ಅದು ನೆಲದ ಮೇಲಿನ ಬಾವಿ ಎಂಬುದೂ ಒಂದು ಕಾರಣ. ಕಡಲಲ್ಲಾದರೆ ಪ್ಲಾಟ್‌ಫಾರಂ, ತಳದ ಕೊಳವೆ, ಮುಂಗಾರಿನಲ್ಲಿ ನಿಲ್ಲುವ ಕೆಲಸ, ಎಲ್ಲದಕ್ಕೂ ಹೆಚ್ಚು ಕಾಲ ಹೆಚ್ಚು ಹಣ ಬೇಕು.

ಇಷ್ಟು ವರ್ಷ ಈ ಷೇರುಗಳನ್ನೂ ಅವನ್ನು ಕೊಂಡವರನ್ನೂ ನೋಡಿ ನಾನು ಹೇಳಬೇಕಾದ್ದು ಒಂದೇ. ತೈಲ ಇರಲಿಲ್ಲವೆಂದು ನಮ್ಮವರು ಸೋತದ್ದು ಕಡಿಮೆ. ಪಿವೈ-1ರಲ್ಲಿ ಅನಿಲ ಇತ್ತು. ಕೃಷ್ಣಾ–ಗೋದಾವರಿಯಲ್ಲೂ ಇತ್ತು. ಆದರೆ ಸಿಕ್ಕಿತು ಎಂಬ ಸುದ್ದಿಗೂ ಹಣ ಕೈಗೆ ಬರುವುದಕ್ಕೂ ನಡುವೆ ಹಲವು ವರ್ಷ, ಕೆಲವೊಮ್ಮೆ ಹತ್ತಿಪ್ಪತ್ತು ವರ್ಷ ಇರುತ್ತದೆ, ತಿಂಗಳ ಸಂಬಳದವನ ಬದುಕು ಅಷ್ಟು ಕಾಯುವುದಿಲ್ಲ. ಸುದ್ದಿಗೆ ಕೊಂಡವರು ಮಗಳ ಮದುವೆಗೆ, ಮನೆಯ ಛಾವಣಿಗೆ, ಆಸ್ಪತ್ರೆಗೆ ಮಾರಿದರು. ಮಾರಬೇಕಾದ ವರ್ಷ ಯಾವುದೆಂದು ಬದುಕು ತೀರ್ಮಾನಿಸಿತು, ಕಡಲಲ್ಲ. ಮಾರುವ ಅಗತ್ಯವೇ ಬಾರದ ಹಣವಂತರಿಗೆ ಮಾತ್ರ ಇದು ಹೂಡಿಕೆ. ಉಳಿದವರಿಗೆ ಅಲ್ಲ ಎಂದೇ ನನ್ನ ನಂಬಿಕೆ.

2014ರ ಡಿಸೆಂಬರಿನಲ್ಲಿ ಬೆಂಗಳೂರು ಷೇರು ವಿನಿಮಯ ಕೇಂದ್ರ ಸೆಬಿಯ ಆದೇಶದೊಂದಿಗೆ ಷೇರುಪೇಟೆಯಾಗಿ ಕೊನೆಗೊಂಡಿತು. ಆ ವರ್ಷವೇ ತೈಲ ಬೆಲೆ ನೂರು ಡಾಲರಿನಿಂದ ಜಾರತೊಡಗಿತ್ತು. 2016ರಲ್ಲಿ ಸರ್ಕಾರ 67 ಸಣ್ಣ ನಿಕ್ಷೇಪಗಳನ್ನು 46 ಗುಂಪು ಮಾಡಿ ಹರಾಜಿಗಿಟ್ಟಿತು. ಮುಂಬೈ ಕಡಲಿನ ಬಿ-80 ಎಂಬುದು ಎಚ್‌ಒಇಸಿಗೂ ಅದರ ಜೊತೆಗಾರ ಕಂಪನಿಗೂ ಬಂತು, 2022ರಲ್ಲಿ ಉತ್ಪಾದನೆ ಶುರುವಾಯಿತು. ಈಗ ಹಳದಿ ಮಾರ್ಗದ ಮೆಟ್ರೊದಲ್ಲಿ ಬೊಮ್ಮನಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹುಡುಗರು ನಿಲ್ದಾಣ ಬರುವಷ್ಟರಲ್ಲಿ ಮೊಬೈಲಿನಲ್ಲಿ ಇಂಥ ಷೇರು ಕೊಳ್ಳುತ್ತಾರೆ. ಅವರಿಗೆ ನಾನು ಹೇಳುವುದಿಷ್ಟು: ಕೊಳ್ಳುವ ಮೊದಲು ಕಂಪನಿಯ ವಾರ್ಷಿಕ ವರದಿ ತೆರೆಯಿರಿ. ಬಾವಿ ಈಗ ಹರಿಯುತ್ತಿದೆಯೇ, ಬ್ಲಾಕಿನಲ್ಲಿ ಪಾಲು ಎಷ್ಟು, ಸಾಲ ಎಷ್ಟು ಎಂದು ನೋಡಿ.

ಹಿರಿಯರಿರುವ ಮನೆಯವರಿಗೆ ಇನ್ನೊಂದು ಮಾತು. ನಮ್ಮ ಜೊತೆ ಕೆಲಸ ಮಾಡಿ ತೀರಿಕೊಂಡವರೊಬ್ಬರ ಹೆಂಡತಿ ಒಮ್ಮೆ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಸರ್ಟಿಫಿಕೇಟುಗಳನ್ನು ತಂದು, “ಅಣ್ಣಾ, ಇದಕ್ಕೆ ಬೆಲೆ ಇದೆಯಾ, ಒಲೆಗೆ ಹಾಕೋದಾ?” ಎಂದು ಕೇಳಿದರು. ಬೆಲೆ ಇತ್ತು. 2019ರ ಏಪ್ರಿಲ್ 1ರಿಂದ ಕಾಗದದ ಷೇರನ್ನು ಮಾರಿ ವರ್ಗಾಯಿಸಲು ಬರುವುದಿಲ್ಲ. ಆದರೆ ತೀರಿಕೊಂಡವರ ಷೇರನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು ಈಗಲೂ ಅವಕಾಶವಿದೆ. ಏಳು ವರ್ಷ ಡಿವಿಡೆಂಡ್ ಪಡೆಯದೆ ಬಿಟ್ಟ ಷೇರುಗಳು ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ (ಐಇಪಿಎಫ್) ಹೋಗಿರುತ್ತವೆ, ಅವನ್ನೂ ಐಇಪಿಎಫ್-5 ಅರ್ಜಿ ಹಾಕಿ ಹಿಂದಕ್ಕೆ ಪಡೆಯಬಹುದು. ಅರ್ಜಿಗೆ ಶುಲ್ಕವಿಲ್ಲ. ಮನೆಯ ಹಳೆಯ ಟ್ರಂಕುಗಳನ್ನು ಒಮ್ಮೆ ತೆರೆದು ನೋಡಿ. ಹೆಸರು ಬದಲಾದ, ಬೇರೆ ಕಂಪನಿಯಲ್ಲಿ ಸೇರಿಹೋದ ಕಂಪನಿಯ ಕಾಗದವಿದ್ದರೂ ಎಸೆಯಬೇಡಿ. ಫೋಲಿಯೊ ಸಂಖ್ಯೆ ಬರೆದುಕೊಂಡು ಆ ಕಂಪನಿಯ ರಿಜಿಸ್ಟ್ರಾರಿಗೆ ಒಂದು ಪತ್ರ ಬರೆಯಿರಿ.