ಇದನ್ನ ತೊಳೆಯೋದು ಹೆಂಗೆ?

ನಮ್ಮಕ್ಕ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. 2020ರ ಏಪ್ರಿಲ್‌ನಲ್ಲಿ ನಾನು ಅವಳಿಗೆ ಹನ್ನೆರಡು ಫೇಸ್ ಶೀಲ್ಡ್ ಮಾಡಿ ಕಳಿಸಿದ್ದೆ. ಗೆಳೆಯನೊಬ್ಬ ಲಾಕ್‌ಡೌನಿಗೆ ಮುಂಚೆ ಊರಿಗೆ ಹೋಗುವಾಗ ಅವನ 3ಡಿ ಪ್ರಿಂಟರನ್ನು ನನ್ನ ಬಾಡಿಗೆ ಮನೆಯಲ್ಲಿ ಬಿಟ್ಟುಹೋಗಿದ್ದ. ತಲೆಗೆ ಹಾಕೋ ಒಂದೊಂದು ಪಟ್ಟಿಗೂ ಹತ್ತಿರ ಹತ್ತಿರ ಮೂರು ಗಂಟೆ. ಹಗಲು ಆಫೀಸಿನ ಕೆಲಸ, ರಾತ್ರಿ ಈ ಕೆಲಸ. ಮೂರು ರಾತ್ರಿ ನಿದ್ದೆಗೆಟ್ಟು ಮುಗಿಸಿ, ಪಾಸ್ ಇದ್ದ ಒಂದು ಔಷಧಿ ವ್ಯಾನಿನಲ್ಲಿ ಕಳಿಸಿದೆ. ಏನೋ ದೊಡ್ಡದು ಸಾಧಿಸಿದ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

ಮಾರನೇ ದಿನ ಅಕ್ಕನ ಫೋನ್. "ಚೆನ್ನಾಗೈತೆ ಕಣೋ. ಆದ್ರೆ ಇದನ್ನ ತೊಳೆಯೋದು ಹೆಂಗೆ?"

ಹಣೆಗೆ ಒತ್ತಬಾರದು ಅಂತ ನಾನು ಪಟ್ಟಿಯ ಒಳಗಡೆ ಸ್ಪಂಜು ಅಂಟಿಸಿದ್ದೆ. ಆ ಸ್ಪಂಜು ಬೆವರು ಕುಡಿಯುತ್ತೆ, ಹೈಪೋ ದ್ರಾವಣದಲ್ಲಿ ಅದ್ದಿದರೆ ಅದನ್ನೂ ಕುಡಿಯುತ್ತೆ, ಬೇಗ ಒಣಗಲ್ಲ. ಇನ್ನೊಬ್ಬರು ಹಾಕಿಕೊಂಡ ಒದ್ದೆ ಸ್ಪಂಜನ್ನ ಹಣೆಗೆ ಯಾರು ಒತ್ತಿಕೊಳ್ತಾರೆ? ಬಿಸಿನೀರಿಗೆ ಹಾಕಿ ನೋಡೋಣ ಅಂತ ಅವಳು ಒಂದನ್ನ ಬಕೆಟ್ಟಿಗೆ ಹಾಕಿದಳಂತೆ. ಕೆಂಡದ ಮೇಲೆ ಬಾಡಿಸಿದ ಬಾಳೆಲೆ ಥರ ಬಗ್ಗಿಹೋಯಿತು. ನಾನು ಬಳಸಿದ್ದು ಪಿಎಲ್‌ಎ ಅನ್ನೋ ಪ್ಲಾಸ್ಟಿಕ್ಕು, ಅದು 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತೆ. ಮುಂದಿನ ಪಾರದರ್ಶಕ ಹಾಳೆಯದು ಇನ್ನೊಂದು ಕಥೆ. ಇಂಜಿನಿಯರಿಂಗ್ ಸೆಮಿನಾರುಗಳಿಗೆ ಬಳಸ್ತಿದ್ದೆವಲ್ಲ, ಆ ಓಎಚ್‌ಪಿ ಹಾಳೆ. ನನಗೆ ಸಿಕ್ಕಿದ್ದು ಇಂಕ್‌ಜೆಟ್ ಪ್ರಿಂಟರಿನದ್ದು. ಶಾಯಿ ಹಿಡಿಯಲಿ ಅಂತ ಅದರ ಒಂದು ಬದಿಗೆ ಲೇಪ ಇರುತ್ತೆ. ನೀರು ಬಿದ್ದ ಕೂಡಲೇ ಅಂಟಂಟು. ಹನ್ನೆರಡೂ ಮೂಲೆಗೆ ಹೋದವು. ಅವಳು ಬೈಯಲಿಲ್ಲ, ಅದೇ ಕಷ್ಟ ಆಗಿದ್ದು.

ಅವಳ ಪ್ರಶ್ನೆ ತಲೆ ಹೊಕ್ಕಿದ ಮೇಲೆ ಇದರ ಹಿಂದಿನ ಕಥೆ ಓದೋಕೆ ಶುರು ಮಾಡಿದೆ. ಮೊದಲು ಗೊತ್ತಾಗಿದ್ದು: ತೊಳೆದು ಮತ್ತೆ ಬಳಸೋದೇ ಹಳೇ ಪದ್ಧತಿ, ಎಸೆಯೋದು ಹೊಸದು. 1897ರ ಸುಮಾರಿಗೆ ಬ್ರೆಸ್ಲಾವ್‌ನಲ್ಲಿ ಮಿಕುಲಿಚ್, ಪ್ಯಾರಿಸ್‌ನಲ್ಲಿ ಪಾಲ್ ಬರ್ಜೆ ಅನ್ನೋ ಸರ್ಜನ್‌ಗಳು ಬಾಯಿಗೆ ಗಾಜ್ ಬಟ್ಟೆ ಕಟ್ಟಿಕೊಂಡು ಆಪರೇಷನ್ ಮಾಡೋಕೆ ಶುರು ಮಾಡಿದರು. 1910-11ರಲ್ಲಿ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗು ಬಂದು ಸುಮಾರು 60,000 ಜನ ಸತ್ತರು. ಅಲ್ಲಿಗೆ ಹೋದ ವೂ ಲಿಯೆನ್-ತೆ ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಡ್ಜಿನಲ್ಲಿ ಓದಿದ ಡಾಕ್ಟರು. ಇದು ಗಾಳಿಯಲ್ಲಿ ಹರಡ್ತಿದೆ ಅಂತ ಹೇಳಿ, ಗಾಜ್ ಬಟ್ಟೆ ಮತ್ತು ಹತ್ತಿಯ ಅಗ್ಗದ ಮಾಸ್ಕ್ ಹಾಕಿಸಿದರು. ಮೆನಿ ಅನ್ನೋ ಹಿರಿಯ ಫ್ರೆಂಚ್ ಡಾಕ್ಟರು ಇವರ ಮಾತು ಒಪ್ಪದೆ, ಮಾಸ್ಕಿಲ್ಲದೆ ರೋಗಿಗಳನ್ನ ನೋಡಿದರು. ಕೆಲವೇ ದಿನಗಳಲ್ಲಿ ಅದೇ ಪ್ಲೇಗಿನಿಂದ ತೀರಿಕೊಂಡರು.

ಆಮೇಲೆ ಎಷ್ಟೋ ವರ್ಷ ಆಸ್ಪತ್ರೆಗಳಲ್ಲಿ ಬಟ್ಟೆಯ ಮಾಸ್ಕೇ ನಡೀತು. ಒಗೆದು, ಕುದಿಸಿ, ಮತ್ತೆ ಕಟ್ಟಿಕೊಳ್ಳೋದು. 1960ರ ದಶಕದಲ್ಲಿ ಸಿಂಥೆಟಿಕ್ ನಾರಿನ, ಒಮ್ಮೆ ಹಾಕಿ ಎಸೆಯೋ ಮಾಸ್ಕುಗಳು ಬಂದವು. ಒಗೆಯೋ ಕೂಲಿ ಉಳೀತು, ಲೆಕ್ಕ ಸಲೀಸಾಯ್ತು. ಎಸೆಯೋದಕ್ಕೆ ಇರೋ ಒಂದೇ ಷರತ್ತು, ಮಾರನೇ ದಿನ ಹೊಸದು ಬಂದಿರಬೇಕು. 2020ರ ಮಾರ್ಚ್‌ನಲ್ಲಿ ಆ ಷರತ್ತೇ ಮುರಿದುಬಿತ್ತು. ತಿಂಗಳಿಗೆ 8.9 ಕೋಟಿ ಮಾಸ್ಕ್, 16 ಲಕ್ಷ ಗಾಗಲ್ಸ್ ಬೇಕಾಗುತ್ತೆ, ತಯಾರಿಕೆ ಶೇ. 40ರಷ್ಟು ಹೆಚ್ಚಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಎಲ್ಲಾ ದೇಶಕ್ಕೂ ಅದೇ ವಾರ ಬೇಕಿತ್ತು.

ಆ ಹೊತ್ತಿಗೆ ಫೇಸ್ ಶೀಲ್ಡ್ ಮುಂದೆ ಬಂತು. ಇದು ಮಾಸ್ಕಿಗೆ ಬದಲಿ ಅಲ್ಲ. ಕೆಮ್ಮಿದಾಗ ಸಿಡಿಯೋ ಹನಿ ಕಣ್ಣಿಗೆ, ಮುಖಕ್ಕೆ, ಒಳಗಿರೋ ಎನ್-95ಕ್ಕೆ ಬೀಳದ ಹಾಗೆ ತಡೆಯೋದಷ್ಟೇ ಇದರ ಕೆಲಸ. ಹಾಗಾಗಿ ಬಟ್ಟೆ, ಫಿಲ್ಟರ್ ಏನೂ ಬೇಡ. ಒಂದು ಪಟ್ಟಿ, ಒಂದು ಹಾಳೆ, ಒಂದು ಎಲಾಸ್ಟಿಕ್ಕು. ಕಣ್ಣಿನ ಪರದೆ, ಅಷ್ಟೇ. ಸಾವಿರಾರು ಜನ ಮನೆಯಲ್ಲೇ ಮಾಡೋಕೆ ಹೊರಟಿದ್ದು ಈ ಕಾರಣಕ್ಕೆ.

ಆದ್ರೆ ಅವರ ಮನೆಗಳಲ್ಲಿ ಪ್ರಿಂಟರ್ ಎಲ್ಲಿಂದ ಬಂತು? ನನ್ನ ಕೇಳಿದ್ರೆ ಈ ಕಥೆಯ ಅಸಲಿ ಭಾಗ ಇದೇ. ಕರಗಿದ ಪ್ಲಾಸ್ಟಿಕ್ಕನ್ನ ಎಳೆ ಎಳೆಯಾಗಿ, ನಮ್ಮ ಕಡೆ ಚಕ್ಕುಲಿ ಒತ್ತೋ ಹಾಗೆ, ಪದರದ ಮೇಲೆ ಪದರ ಕೂರಿಸೋ ವಿಧಾನಕ್ಕೆ ಅಮೆರಿಕದ ಸ್ಕಾಟ್ ಕ್ರಂಪ್ 1989ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1992ರಲ್ಲಿ ಸಿಕ್ತು. ಇಪ್ಪತ್ತು ವರ್ಷ ಆ ಯಂತ್ರ ದೊಡ್ಡ ಕಂಪನಿಗಳ ಸ್ವತ್ತು. 2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್, ತನ್ನದೇ ಭಾಗಗಳನ್ನ ತಾನೇ ಅಚ್ಚು ಹಾಕೋ ಒಂದು ಪ್ರಿಂಟರ್ ಮಾಡ್ತೀನಿ, ಅದರ ನಕ್ಷೆಯನ್ನ ಎಲ್ಲರಿಗೂ ಬಿಟ್ಟಿ ಕೊಡ್ತೀನಿ ಅಂತ ಹೊರಟರು. ರೆಪ್‌ರ‍್ಯಾಪ್ ಅಂತ ಹೆಸರು. 2008ರಲ್ಲಿ ಯಂತ್ರ 'ಮರಿ' ಹಾಕಿತು. 2009ರಲ್ಲಿ ಹಳೇ ಪೇಟೆಂಟಿನ ಅವಧಿ ಮುಗೀತು. ಆಮೇಲೆ ಬೆಲೆ ಬಿದ್ದ ಪರಿ ನೋಡಬೇಕು, ಲಕ್ಷಗಳಿಂದ ಸಾವಿರಗಳಿಗೆ.

ಆ ಬಿಟ್ಟಿ ನಕ್ಷೆಯನ್ನ ತಿದ್ದಿ ತೀಡಿದವರಲ್ಲಿ ಪ್ರಾಗ್‌ನ ಯೋಸೆಫ್ ಪ್ರೂಷಾ ಒಬ್ಬರು. 2020ರ ಹೊತ್ತಿಗೆ ಅವರ ಕಂಪನಿಯಲ್ಲೇ ಸುಮಾರು 500 ಪ್ರಿಂಟರುಗಳು ಸಾಲಾಗಿ ನಿಂತು, ಹೊಸ ಪ್ರಿಂಟರುಗಳ ಭಾಗಗಳನ್ನ ಒತ್ತುತ್ತಿದ್ದವು. ಮಾರ್ಚ್‌ನಲ್ಲಿ ಮೂರೇ ದಿನದಲ್ಲಿ ಒಂದು ಫೇಸ್ ಶೀಲ್ಡ್ ವಿನ್ಯಾಸ ಮಾಡಿ, ಜೆಕ್ ಆರೋಗ್ಯ ಇಲಾಖೆಯವರಿಗೆ ತೋರಿಸಿ, ಮೊದಲ 10,000 ಶೀಲ್ಡ್ ದಾನ ಕೊಟ್ಟರು, ಫೈಲುಗಳನ್ನ ಜಗತ್ತಿಗೇ ಬಿಟ್ಟುಕೊಟ್ಟರು. ವಿನ್ಯಾಸಗಳ ಹೆಸರು ಏನು ಗೊತ್ತಾ? ಆರ್‌ಸಿ1, ಆರ್‌ಸಿ2, ಆರ್‌ಸಿ3. ರಿಲೀಸ್ ಕ್ಯಾಂಡಿಡೇಟ್! ನಾವು ಸಾಫ್ಟ್‌ವೇರ್‌ನವರು ಬಗ್ ಸರಿಮಾಡಿ ಬಿಡ್ತೀವಲ್ಲ, ಹಂಗೇ. ಆಸ್ಪತ್ರೆಯವರು ಹೇಳಿದ ಹಾಗೆ ತಿದ್ದೋದು, ಮುಂದಿನದನ್ನ ಬಿಡೋದು. ನಾನು ಆ ಫೈಲನ್ನ ಇಳಿಸಿಕೊಂಡು, ಬುದ್ಧಿವಂತಿಕೆ ತೋರಿಸೋಕೆ ಸ್ಪಂಜು ಸೇರಿಸಿದ್ದೆ. ಮೂಲದಲ್ಲಿ ಸ್ಪಂಜು ಇರಲೇ ಇಲ್ಲ. ಅದು ಯಾಕಿಲ್ಲ ಅಂತ ಒಂದು ನಿಮಿಷ ಯೋಚಿಸಿದ್ರೆ ಸಾಕಿತ್ತು.

ಅದೇ ತಿಂಗಳು ಸ್ಟಾಕ್‌ಹೋಮಿನ 3ಡಿವರ್ಕ್‌ಸ್ತಾನ್‌ನವರು ಇನ್ನೂ ಸರಳ ಮಾಡಿದರು. ಹಾಳೆ ಕತ್ತರಿಸೋಕೆ ಲೇಸರ್ ಯಂತ್ರ ಯಾಕೆ? ಆಫೀಸಿನ ಪಂಚಿಂಗ್ ಮಷೀನ್ ಸಾಲದಾ? ಎ4 ಹಾಳೆಗೆ ಮಾಮೂಲಿ ಪಂಚಿಂಗ್‌ನ ಎರಡು ತೂತುಗಳ ಅಂತರ 80 ಮಿಲಿಮೀಟರ್, ಅಂತರರಾಷ್ಟ್ರೀಯ ಅಳತೆ. ಪಟ್ಟಿಯ ಗೂಟಗಳನ್ನ ಆ ಅಂತರಕ್ಕೇ ಕೂರಿಸಿದರು. ನಮ್ಮೂರಿನ ಗ್ರಾಮ ಪಂಚಾಯ್ತಿ ಆಫೀಸಿನಲ್ಲಿ ಫೈಲ್ ಪೋಣಿಸೋಕೆ ಇರೋ ಪಂಚಿಂಗ್ ಮಷೀನೂ ಸಾಕು! ನನಗೆ ಇದಕ್ಕಿಂತ ಒಳ್ಳೇ ಇಂಜಿನಿಯರಿಂಗ್ ನೆನಪಾಗಲ್ಲ.

ನಮ್ಮಲ್ಲೂ ಆಯ್ತು. ಮುಂಬೈನ ಮೇಕರ್ಸ್ ಅಸೈಲಮ್‌ನಿಂದ ಶುರುವಾದ ಎಂ-19 ಅನ್ನೋ ಕೂಟ 42 ಊರುಗಳಲ್ಲಿ 49 ದಿನದಲ್ಲಿ 10 ಲಕ್ಷ ಶೀಲ್ಡ್ ಮಾಡಿತು. ಮೂರು ಗಂಟೆಗೊಂದರಂತೆ ಪ್ರಿಂಟ್ ಮಾಡ್ತಾ ಕೂತರೆ ಆ ಲೆಕ್ಕ ಮುಟ್ಟೋದು ಕನಸು. 3ಡಿ ಪ್ರಿಂಟರಿನ ಉಪಯೋಗ ಇರೋದು ಮೊದಲ ಕೆಲವು ವಾರ, ಪೀಣ್ಯದಂಥ ಕಡೆ ಡೈ ತಯಾರಾಗೋವರೆಗೆ. ಡೈ ಬಂದ ಮೇಲೆ ನಿಮಿಷಕ್ಕೆ ಒಂದಕ್ಕಿಂತ ಜಾಸ್ತಿ ಬೀಳುತ್ತೆ, ನಮ್ಮ ಪ್ರಿಂಟರ್ ಧೂಳು ತಿನ್ನುತ್ತೆ. ಅದರಲ್ಲಿ ಬೇಜಾರೇನಿಲ್ಲ. ಬೇಜಾರಾಗೋದು, ಡೈನಿಂದ ಬಿದ್ದ ಅಗ್ಗದ ಶೀಲ್ಡುಗಳಲ್ಲಿ ಎಷ್ಟೋ ಒಳಗೆ ಅದೇ ಸ್ಪಂಜು ಅಂಟಿಸಿಕೊಂಡು ಬಂದವು ಅನ್ನೋದಕ್ಕೆ. ಹಣೆಗೆ ಹಿತ, ಫೋಟೋಗೆ ಚೆಂದ, ತೊಳೆಯೋ ಹಾಗಿಲ್ಲ.

ಇನ್ನು ನನ್ನ ಆರ್‌ಸಿ2. ಈ ಸಲ ಪಿಇಟಿಜಿ ಪ್ಲಾಸ್ಟಿಕ್ಕು ಹಾಕಿದೆ, ಅದು 80 ಡಿಗ್ರಿಯವರೆಗೂ ತಡೆಯುತ್ತೆ. ಸ್ಪಂಜು ಕಿತ್ತೆಸೆದೆ. ಲೇಪ ಇಲ್ಲದ ಓಎಚ್‌ಪಿ ಹಾಳೆ, ನಾಲ್ಕು ತೂತು. ಹಾಳೆ ಗೀರು ಬಿದ್ದರೆ ಕಿತ್ತು ಬೇರೆ ಸಿಕ್ಕಿಸಿಕೊಳ್ಳಬಹುದು, ಪಟ್ಟಿ ಹಾಗೇ ಉಳಿಯುತ್ತೆ. ಪದರಗಳ ಸಂದಿನಲ್ಲಿ ಕೊಳೆ ಕೂರಬಹುದು, ಸೋಪಿನಲ್ಲಿ ಚೆನ್ನಾಗಿ ಉಜ್ಜಿ ಆಮೇಲೆ ಹೈಪೋದಲ್ಲಿ ನೆನೆಸಿ ಅಂತ ಚೀಟಿ ಬರೆದಿಟ್ಟೆ. ಕಳಿಸೋ ಮುಂಚೆ ನಾನೇ ಒಂದನ್ನ ಹತ್ತು ಸಲ ತೊಳೆದು ನೋಡಿದೆ. ಈ ಸಲ ಬರೀ ಎಂಟು.

ಅಕ್ಕ ಒಂದು ಫೋಟೋ ಕಳಿಸಿದಳು. ಆಸ್ಪತ್ರೆ ಹಿಂದಿನ ಹಗ್ಗದಲ್ಲಿ ಎಂಟೂ ಸಾಲಾಗಿ ನೇತಾಡ್ತಿದ್ದವು, ಬಟ್ಟೆ ಕ್ಲಿಪ್ಪು ಹಾಕಿ. ಒಂದೊಂದರ ಮೇಲೂ ಮಾರ್ಕರ್ ಪೆನ್ನಿನಲ್ಲಿ ಹೆಸರು. ಎರಡರ ಮೇಲೆ 'ಆಯಾ' ಅಂತಷ್ಟೇ ಬರೆದಿತ್ತು. ಮೊದಲು ಕೊಟ್ಟಿದ್ದೇ ಅವರಿಗಂತೆ, ಕೊಳೆ ಬಟ್ಟೆ ಎತ್ತೋರು ಅವರೇ ಅಲ್ವಾ ಅಂದಳು. ಆ ಹೊತ್ತಿಗೆ ಅವಳ ಆಸ್ಪತ್ರೆಯಲ್ಲಿ ಒಂದು ಎನ್-95ನ್ನ ನಾಲ್ಕೈದು ದಿನ ಹಾಕಿಕೊಳ್ತಿದ್ದರು. ಅದರ ಮೇಲೆ ಹನಿ ಬೀಳದಿದ್ರೆ ಅಷ್ಟರಮಟ್ಟಿಗೆ ಧೈರ್ಯ.

ಹೋದ ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಅಕ್ಕ ಕಜ್ಜಾಯ ಕರೀತಿದ್ದಳು, ಮುಖಕ್ಕೆ ಅದೇ ಶೀಲ್ಡು. ಹಾಳೆ ಎಷ್ಟನೆಯದೋ ಗೊತ್ತಿಲ್ಲ, ಪಟ್ಟಿ ನನ್ನದೇ. "ಎಣ್ಣೆ ಸಿಡಿಯುತ್ತೆ ಕಣೋ" ಅಂದಳು. ಕರೆದು ಮುಗಿಸಿ, ನಲ್ಲಿ ಕೆಳಗೆ ಹಿಡಿದು ವಿಮ್ ಸೋಪು ಹಚ್ಚಿ ತೊಳೆದು, ಪಾತ್ರೆ ಬುಟ್ಟಿಯಲ್ಲಿ ಬೋರಲು ಹಾಕಿದಳು.