ಸಗಣಿಗೂ ಬಿಸಿನೀರ ಸ್ನಾನ!

ನಮ್ಮ ಸಾಫ್ಟ್‌ವೇರ್ ಮಂದಿಯ ಬಾಯಲ್ಲಿ ಸದಾ ಓಡಾಡುವ ಮಾತೊಂದಿದೆ - 'ಗಾರ್ಬೇಜ್ ಇನ್, ಗಾರ್ಬೇಜ್ ಔಟ್'. ಒಳಗೆ ಕಸ ಹಾಕಿದರೆ ಹೊರಗೂ ಕಸವೇ ಬರುತ್ತೆ ಅಂತ. ಈ ಮಾತನ್ನೇ ಸುಳ್ಳು ಮಾಡುವ ಯಂತ್ರವೊಂದು ನಮ್ಮ ಹಳ್ಳಿಗಳ ಹಿತ್ತಿಲಲ್ಲಿದೆ. ಒಳಗೆ ಸಗಣಿ, ಹೊರಗೆ ಬೆಂಕಿ! ಅದೇ ಸ್ವಾಮಿ, ಗೋಬರ್ ಗ್ಯಾಸ್ ಗುಂಡಿ :-)

ಗುಂಡಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ಗುಂಡಿಗೆ ಸುರಿಯುವ ಮುಂಚೆ ಸಗಣಿಗೆ ಏನು ಮಾಡಬೇಕು ಅನ್ನೋದಕ್ಕೂ ಒಂದು ಇತಿಹಾಸವಿದೆ. ಅದರಲ್ಲಿ ಒಂದು ಒಳ್ಳೆಯ ಅಧ್ಯಾಯ ನಮ್ಮ ಕರ್ನಾಟಕದ್ದು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1897ರಲ್ಲೇ ಮುಂಬೈನ ಮಾಟುಂಗದ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಕಕ್ಕಸಿನ ಕೊಳೆಯಿಂದ ಬಂದ ಗ್ಯಾಸಿನಲ್ಲಿ ದೀಪ ಉರಿಸಿದ್ದರು. ಸಗಣಿಯ ಸರದಿ ಬಂದಿದ್ದು 1939ರಲ್ಲಿ, ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್.ವಿ. ದೇಸಾಯಿಯವರ ಪ್ರಯೋಗಗಳಿಂದ. 1951ರಲ್ಲಿ ಜಶ್‌ಭಾಯಿ ಪಟೇಲರು ಮೇಲೇಳುತ್ತಾ ಇಳಿಯುತ್ತಾ ಇರುವ ಕಬ್ಬಿಣದ ಡ್ರಮ್ಮಿನ 'ಗ್ರಾಮಲಕ್ಷ್ಮಿ' ಮಾದರಿ ಮಾಡಿದರು. 60ರ ದಶಕದಲ್ಲಿ ಖಾದಿ ಆಯೋಗ ಅದನ್ನು ಕೈಗೆತ್ತಿಕೊಂಡು ಊರೂರಿಗೆ ಒಯ್ದಿತು.

ಆಗಿನ ತಯಾರಿ ಬಹಳ ಸರಳ. ಸಗಣಿಗೆ ಅಷ್ಟೇ ನೀರು ಹಾಕಿ, ಹುಲ್ಲುಕಡ್ಡಿ, ಕಲ್ಲು ಆರಿಸಿ, ಗಂಟಿಲ್ಲದ ಹಾಗೆ ಕಲಸಿ ಬಗ್ಗಡ ಮಾಡಿ ಬಿಡುವುದು. ಇಷ್ಟನ್ನು ಸರಿಯಾಗಿ ಮಾಡದಿದ್ದರೆ ಹುಲ್ಲು ಮೇಲೆ ತೇಲಿ ಕೆನೆಗಟ್ಟುತ್ತದೆ, ಮಣ್ಣು ತಳ ಸೇರುತ್ತದೆ, ಗ್ಯಾಸು ಕೈಕೊಡುತ್ತದೆ.

ಅಷ್ಟು ಮಾಡಿದರೂ ಒಂದು ತೊಡಕು ಉಳಿಯುತ್ತದೆ. ಹುಲ್ಲಿನಲ್ಲಿ ಸುಲಭವಾಗಿ ಕರಗುವುದನ್ನೆಲ್ಲ ಹಸು ಮೊದಲೇ ತಿಂದು ಅರಗಿಸಿಕೊಂಡಿರುತ್ತದೆ. ಸಗಣಿಯಲ್ಲಿ ಉಳಿದಿರೋದು ಗಟ್ಟಿ ನಾರು. ಗುಂಡಿಯ ಸೂಕ್ಷ್ಮಜೀವಿಗಳು ಮೊದಲು ಅದನ್ನು ಒಡೆದು ಕರಗಿಸಬೇಕು, ಗ್ಯಾಸು ಆಮೇಲೆ. ಎಲ್ಲಕ್ಕಿಂತ ನಿಧಾನ ಈ ಮೊದಲ ಹೆಜ್ಜೆಯೇ. ಪಟ್ಟಣದ ಒಳಚರಂಡಿ ಕೆಸರಿನ ಕಥೆಯೂ ಹೆಚ್ಚುಕಡಿಮೆ ಇದೇ. ನೀರು ಶುದ್ಧ ಮಾಡಿದ ಸೂಕ್ಷ್ಮಜೀವಿಗಳ ಹೆಣಗಳೇ ಅದರಲ್ಲಿ ರಾಶಿ ಬಿದ್ದಿರುತ್ತವೆ, ಅವುಗಳ ಕೋಶದ ಗೋಡೆ ಒಡೆಯದೆ ಒಳಗಿನ ಸರಕು ಸಿಗದು. ಚಳಿ ಬೇರೆ ಇದ್ದರೆ ಕೇಳಲೇಬೇಡಿ. ಈ ಜೀವಿಗಳು ಚುರುಕಾಗಿರೋದು 35 ಡಿಗ್ರಿಯ ಆಸುಪಾಸಿನಲ್ಲಿ. ಅದಕ್ಕೇ ಖಾದಿ ಆಯೋಗದ ಗುಂಡಿಗಳಲ್ಲಿ ಸೆಕೆಯ ಸೀಮೆಗೆ 30 ದಿನದ ಅಳತೆ, ಚಳಿ ಸೀಮೆಗೆ 55 ದಿನದ ಅಳತೆ. ದಿನ ಹೆಚ್ಚಿದಷ್ಟೂ ಗುಂಡಿ ದೊಡ್ಡದು, ಖರ್ಚೂ ದೊಡ್ಡದು.

ಇಲ್ಲಿ ಬರುತ್ತದೆ ಬೆಂಗಳೂರು. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) 1974ರಲ್ಲಿ 'ಆಸ್ತ್ರ' ಅನ್ನೋ ತಂಡ ಹುಟ್ಟಿತು. ಹಳ್ಳಿಗೆ ವಿಜ್ಞಾನ ಒಯ್ಯುವುದು ಅದರ ಕೆಲಸ. ಮುಂದಾಳು ವಿದ್ಯುತ್-ರಸಾಯನ ವಿಜ್ಞಾನಿ ಅಮೂಲ್ಯ ಕುಮಾರ್ ಎನ್. ರೆಡ್ಡಿ. ಈ ತಂಡ 1979ರಲ್ಲಿ ಗೋಬರ್ ಗ್ಯಾಸಿನ ಬಗ್ಗೆ ನಾಲ್ಕು ಭಾಗದ ಪ್ರಬಂಧ ಪ್ರಕಟಿಸಿತು. ಗುಂಡಿಯ ಶಾಖ ಎಲ್ಲಿಂದ ಸೋರಿಹೋಗುತ್ತದೆ ಅಂತ ಲೆಕ್ಕ ಹಾಕಿದವರು ಕಣ್ಣಿಟ್ಟಿದ್ದು ಡ್ರಮ್ಮಿನ ನೆತ್ತಿಯ ಮೇಲೆ. ಅವರು ಮಾಡಿದ್ದು ಇಷ್ಟೇ: ಡ್ರಮ್ಮಿನ ತಲೆಯ ಮೇಲೆ ನೀರು ನಿಲ್ಲಿಸಿ, ಅದಕ್ಕೊಂದು ಪಾರದರ್ಶಕ ಹೊದಿಕೆ ಹೊದಿಸಿದರು. ಶಾಖ ಸೋರೋದು ಕಮ್ಮಿಯಾಯ್ತು, ಬಿಸಿಲಿಗೆ ನೀರೂ ಬಿಸಿಯಾಯ್ತು. ಆ ಬಿಸಿನೀರಿನಲ್ಲೇ ಸಗಣಿ ಕಲಸಿ ಗುಂಡಿಗೆ ಬಿಟ್ಟರು. ಗ್ಯಾಸು ಗಮನಾರ್ಹವಾಗಿ ಹೆಚ್ಚಿತು!

"ಇದರಲ್ಲೇನು ಮಹಾ, ಒಲೆ ಮೇಲೆ ಹಂಡೆ ಇಟ್ಟು ಕಾಯಿಸಿದ್ರೆ ಆಗ್ತಿರಲಿಲ್ವಾ?" ಅಂತೀರಾ? ಲೆಕ್ಕ ಮಾಡೋಣ ಬನ್ನಿ. 25 ಕಿಲೋ ಸಗಣಿಯಿಂದ ಸುಮಾರು 1 ಘನ ಮೀಟರ್ ಗ್ಯಾಸು, ಅಂದರೆ 21 ಮೆಗಾಜೂಲ್‌ನಷ್ಟು ಶಕ್ತಿ. ನೀರು ಸೇರಿ 50 ಕಿಲೋ ಬಗ್ಗಡವನ್ನು 10 ಡಿಗ್ರಿ ಬಿಸಿ ಮಾಡಲು 2.1 ಮೆಗಾಜೂಲ್ ಬೇಕು. ಹತ್ತರಲ್ಲಿ ಒಂದು ಪಾಲು ಅಲ್ಲೇ ಖರ್ಚು. ಬಂದ ಲಾಭಕ್ಕೂ ಅದಕ್ಕೂ ಸರಿಹೋಯ್ತು. ಸೂರ್ಯನಾದರೆ ಬಿಲ್ ಕಳಿಸೋದಿಲ್ಲ.

ಇದರ ಇನ್ನೊಂದು ತುದಿ ನಾರ್ವೆಯಲ್ಲಿದೆ. 1995ರಲ್ಲಿ ಹಾಮಾರ್ ಪಟ್ಟಣದಲ್ಲಿ 'ಕಾಂಬಿ' ಕಂಪನಿ ಒಳಚರಂಡಿ ಕೆಸರಿಗೆ ಪ್ರೆಶರ್ ಕುಕ್ಕರ್ ಚಿಕಿತ್ಸೆ ಶುರುಮಾಡಿತು. ಸುಮಾರು 165 ಡಿಗ್ರಿ ಹಬೆಯಲ್ಲಿ ಅರ್ಧ ಗಂಟೆಯ ಹೊತ್ತು ಬೇಯಿಸಿ, ಒತ್ತಡವನ್ನು ತಟ್ಟನೆ ಇಳಿಸುವುದು. ಕೋಶಗಳು ಪಟಪಟನೆ ಒಡೆಯುತ್ತವೆ. ಈಗ ಜಗತ್ತಿನ ಎಷ್ಟೋ ದೊಡ್ಡ ನಗರಗಳಲ್ಲಿ ಇದು ನಡೆಯುತ್ತಿದೆ. ನಮ್ಮ 50 ಕಿಲೋ ಬಗ್ಗಡವನ್ನು ಹಾಗೆ ಬೇಯಿಸಲು 29 ಮೆಗಾಜೂಲ್ ಬೇಕು, ಬರುವ ಗ್ಯಾಸಿಗಿಂತ ಹೆಚ್ಚು! ಅದಕ್ಕೇ ಅವರು ಮೊದಲು ಕೆಸರಿನ ನೀರು ಹಿಂಡುತ್ತಾರೆ, ಒಮ್ಮೆ ಬಳಸಿದ ಹಬೆಯನ್ನು ಮತ್ತೆ ಬಳಸುತ್ತಾರೆ. ನಗರಕ್ಕೆ ಅದು ಸರಿ, ಹಿತ್ತಿಲ ಗುಂಡಿಗೆ ಬಿಸಿಲೇ ಸರಿ.

ಹಾಗಂತ ಶಾಖ ಒಂದೇ ಸಾಲದು. ಆಸ್ತ್ರದವರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಇಡೀ ಊರಿಗೇ ಸೇರಿದ ಗೋಬರ್ ಗ್ಯಾಸ್ ಗುಂಡಿ ಕಟ್ಟಿದರು. ಮೊದಲ ಯೋಚನೆ ಮನೆಮನೆಗೆ ಅಡುಗೆ ಗ್ಯಾಸು. ಅದು ನಡೆಯಲಿಲ್ಲ. ಗ್ಯಾಸು ಎಲ್ಲರಿಗೂ ಸಾಲದು, ಸೌದೆ ಹೇಗೂ ಬಿಟ್ಟಿ ಸಿಗುತ್ತಿತ್ತು. ಊರವರಿಗೆ ಬೇಕಿದ್ದಿದ್ದು ಕುಡಿಯುವ ನೀರು! 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕರೆಂಟು ಮಾಡಿದರು. ಕೊಳವೆಬಾವಿಯಿಂದ ನಲ್ಲಿಗೆ ನೀರು ಬಂತು, ಮನೆಗೆ ದೀಪ ಬಂತು. ಸಗಣಿ ತಂದುಕೊಟ್ಟವರಿಗೆ ಕಿಲೋಗೆ 2 ಪೈಸೆ, ಜೊತೆಗೆ ನೀರು ಬಸಿದ ಗೊಬ್ಬರ ವಾಪಸ್. ನನ್ನ ಪ್ರಕಾರ ಇದೂ ಸಗಣಿಯ 'ಪೂರ್ವಸಂಸ್ಕಾರ'ವೇ. ಗುಂಡಿಗೆ ಸಗಣಿ ಬರಬೇಕಾದರೆ ಮೊದಲು ತರುವವರ ಮನಸ್ಸು ಹದವಾಗಬೇಕಲ್ಲ!

ಇಷ್ಟೆಲ್ಲ ಹೇಳಲು ಕಾರಣವಿದೆ. ನಮ್ಮ ಬೈಲಕುಪ್ಪೆ ಸೇರಿದಂತೆ ಪಿರಿಯಾಪಟ್ಟಣ, ಹುಣಸೂರು ಕಡೆ ಸೌದೆಗೆ ಎಷ್ಟು ಬೇಡಿಕೆ ಅಂತ ಹೊಗೆಸೊಪ್ಪಿನ ಬ್ಯಾರನ್ ನೋಡಿದವರಿಗೆ ಗೊತ್ತು. ಅಡುಗೆ ಒಲೆಯೂ ಅದೇ ಮರಗಳ ಮೇಲೆ ಕಣ್ಣಿಟ್ಟರೆ ಗತಿಯೇನು? ಧನುರ್ಮಾಸದ ಚಳಿಗೆ ಗ್ಯಾಸು ಸೊರಗಿದಾಗ ಗೋಬರ್ ಗ್ಯಾಸ್ ಇರುವ ಮನೆಯವರೂ ಸೌದೆ ಒಲೆಗೇ ಮರಳಬೇಕಾಗುತ್ತದೆ. 2018ರಿಂದ ಕೇಂದ್ರ ಸರ್ಕಾರದ 'ಗೋಬರ್‌ಧನ್' ಯೋಜನೆ ಇದೆ, ಗುಂಡಿ ಕಟ್ಟಲು ಸಹಾಯಧನವೂ ಉಂಟು. ಆದರೆ ಕಟ್ಟಿದ ಗುಂಡಿ ಚಳಿಗಾಲದಲ್ಲೂ ಉರಿಯಬೇಕಾದರೆ 1979ರ ಆ ಬಿಸಿನೀರಿನ ಪಾಠ ಈಗಲೂ ಹಳತಾಗಿಲ್ಲ. ಕಪ್ಪು ಬಳಿದ ಡ್ರಮ್ಮಿನಲ್ಲಿ ನೀರು ತುಂಬಿ ಬಿಸಿಲಿಗಿಟ್ಟು, ಸಂಜೆ ಅದರಲ್ಲೇ ಸಗಣಿ ಕಲಸಲು ಯಾವ ಸಹಾಯಧನವೂ ಬೇಕಿಲ್ಲ.

ನಿಮ್ಮೂರಿನ ಗುಂಡಿಗಳು ಚಳಿಗಾಲದಲ್ಲಿ ಹೇಗಿರುತ್ತವೆ? ಮಲೆನಾಡಿನವರು ಇದಕ್ಕೆ ಬೇರೆ ಉಪಾಯ ಮಾಡಿಕೊಂಡಿದ್ದರೆ ದಯವಿಟ್ಟು ತಿಳಿಸಿ.