ಕೆರೆ ಕಟ್ಟಿದವರು, ಕೆರೆ ಕಾಯ್ದವರು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ ನೆಲೆಗೊಂಡ ಊರು. ವರ್ಷವಿಡೀ ಹರಿಯುವ ಹೊಳೆ ಇದರ ಮಗ್ಗುಲಲ್ಲಿಲ್ಲ. ಬಿದ್ದ ಮಳೆ ಪಶ್ಚಿಮಕ್ಕೆ ಅರ್ಕಾವತಿಯ ಕಡೆಗೂ ಪೂರ್ವಕ್ಕೆ ದಕ್ಷಿಣ ಪಿನಾಕಿನಿಯ ಕಡೆಗೂ ಇಳಿದುಹೋಗುತ್ತದೆ. ಇಂತಹ ನೆಲದಲ್ಲಿ ಜನರು ತಲೆತಲಾಂತರದಿಂದ ಬಾಳಿ ಬದುಕಿದರೆಂದರೆ ಅದಕ್ಕೆ ಕೆರೆಗಳೇ ಆಧಾರ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಎಂಬ ಹೆಸರುಗಳು ಇಂದು ಯಂತ್ರೋದ್ಯಮವನ್ನೂ ಕಂಪ್ಯೂಟರನ್ನೂ ನೆನಪಿಗೆ ತರುತ್ತವೆ. ಆದರೆ ಈ ಪ್ರದೇಶಗಳ ಪೂರ್ವಚರಿತ್ರೆಯನ್ನು ಅವಲೋಕಿಸಿದಾಗ ಕಾಣಬರುವುದು ಏರಿ, ತೂಬು, ಕೋಡಿ, ಗದ್ದೆಗಳ ಒಂದು ತುಂಬು ಬದುಕು.

ಇದಕ್ಕೆ ಕಲ್ಲಿನ ಸಾಕ್ಷ್ಯಗಳಿವೆ. ಎಲೆಕ್ಟ್ರಾನಿಕ್ ಸಿಟಿಗೆ ಅನತಿದೂರದ ಬೇಗೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರು ಕಾಣಿಸಿಕೊಳ್ಳುತ್ತದೆ. ಆ ಬೇಗೂರಿನಲ್ಲಿ ಇಂದಿಗೂ ವಿಶಾಲವಾದ ಕೆರೆಯೊಂದಿದೆ. ವೈಟ್‌ಫೀಲ್ಡಿನ ನೆರೆಯ ಕಾಡುಗೋಡಿಯ 11ನೆಯ ಶತಮಾನದ ಚೋಳರ ಕಾಲದ ತಮಿಳು ಶಾಸನವು ಪಟ್ಟಂದೂರಿನ ಕೆರೆಯ ನಿರ್ಮಾಣವನ್ನು ದಾಖಲಿಸುತ್ತದೆ. ಇಂದು ಮಾಹಿತಿ ತಂತ್ರಜ್ಞಾನದ ಬೃಹತ್ ಸೌಧಗಳು ನಿಂತಿರುವುದು ಆ ಪಟ್ಟಂದೂರಿನ ಸೀಮೆಯಲ್ಲಿಯೇ. ಸಾವಿರ ವರ್ಷಗಳಷ್ಟು ಹಿಂದೆಯೇ ಅಲ್ಲಿ ನೀರು ನಿಲ್ಲಿಸಿದವರಿದ್ದರೆಂಬುದು ಅಲ್ಲಿನ ಇಂದಿನ ನಿವಾಸಿಗಳಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ!

ಶಾಸನಗಳು ಕೆರೆ ಕಟ್ಟಿಸಿದವನ ಹೆಸರನ್ನು ಆಚಂದ್ರಾರ್ಕವಾಗಿ ಉಳಿಸಿವೆ. ಆದರೆ ಅವುಗಳ ಪರಿಭಾಷೆಯನ್ನು ಸೂಕ್ಷ್ಮವಾಗಿ ಗಮನಿಸಿದರೆ, ಕಟ್ಟುವಿಕೆಯಷ್ಟೇ ಕಾಯುವಿಕೆಗೂ ಹಿರಿಯರು ಏರ್ಪಾಡು ಮಾಡಿದ್ದರೆಂಬುದು ಸ್ಪಷ್ಟವಾಗುತ್ತದೆ. ಕೆರೆಯನ್ನು ಕಟ್ಟಿದವನಿಗೆ, ದುರಸ್ತಿ ಮಾಡಿದವನಿಗೆ ಬಿಟ್ಟುಕೊಟ್ಟ ಭೂಮಿ ‘ಕಟ್ಟುಕೊಡಗೆ’. ಕೆರೆಯ ಪೋಷಣೆಗಾಗಿ ಅದರ ಅಚ್ಚುಕಟ್ಟಿನಲ್ಲಿ ಮೀಸಲಾದ ಪಾಲು ‘ಬಿತ್ತುವಟ್ಟ’. ಏರಿಗೆ ಮಣ್ಣು ಹೊರುವ ಬಂಡಿಯನ್ನು ನಡೆಸಲೆಂದೇ ದತ್ತಿಗಳನ್ನು ಬಿಟ್ಟ ಶಾಸನಗಳೂ ಕನ್ನಡನಾಡಿನಲ್ಲಿ ಇವೆ. ಕಟ್ಟುವ ಕೆಲಸ ಒಮ್ಮೆ ಮುಗಿಯುತ್ತದೆ, ಕಾಯುವ ಕೆಲಸಕ್ಕೆ ಮುಗಿತಾಯವಿಲ್ಲ ಎಂಬ ಅರಿವಿನಿಂದ ಹುಟ್ಟಿದ ಪದಗಳಿವು.

ಈ ಕಾಯುವಿಕೆಗೆ ಒಂದು ಋತುವಿತ್ತು. ಅದು ವಸಂತ. ಸುಗ್ಗಿ ಮುಗಿದು ಕಣ ಬರಿದಾಗಿ, ಯುಗಾದಿಯ ಹೊತ್ತಿಗೆ ಕೆರೆಯ ನೀರು ತಗ್ಗಿ ಅಂಗಳ ಬಿರಿದು ನಿಲ್ಲುತ್ತಿತ್ತು. ಆಗ ಊರಿನ ಜನ ಗುದ್ದಲಿ, ಮಂಕರಿಗಳೊಡನೆ ಕೆರೆಗೆ ಇಳಿಯುತ್ತಿದ್ದರು. ತೆಗೆದ ಹೂಳು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಏರಿಯಲ್ಲಿ ಬೇರೂರಿದ ಗಿಡಗಳನ್ನು ಕೀಳುವುದು, ಇಲಿ ಹೆಗ್ಗಣಗಳ ಬಿಲಗಳನ್ನು ಮುಚ್ಚುವುದು, ತೂಬಿನ ಕಲ್ಲುಗಳನ್ನು ಸರಿಪಡಿಸುವುದು, ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಗೆ ಸಾಗುವ ಕಾಲುವೆಯನ್ನು ಬಿಡಿಸುವುದು, ಇವೆಲ್ಲವೂ ಮುಂಗಾರಿಗೆ ಮೊದಲೇ ಆಗಬೇಕು. ಚೈತ್ರ ವೈಶಾಖಗಳಲ್ಲಿ ತಪ್ಪಿದ ಕೆಲಸಕ್ಕೆ ಆಷಾಢದಲ್ಲಿ ಏರಿ ಒಡೆದು ದಂಡ ತೆರಬೇಕಾಗುತ್ತಿತ್ತು. ಆದ್ದರಿಂದ ನೀರಿನ ಉಳಿತಾಯ, ಊರಿನ ಸುರಕ್ಷತೆ ಎಂಬೆರಡು ಬೇರೆ ಕೆಲಸಗಳು ಅಂದು ಇರಲಿಲ್ಲ.

ಈ ವ್ಯವಸ್ಥೆಯ ನಡುಗಂಬ ನೀರುಗಂಟಿ. ತೂಬನ್ನು ಎತ್ತಿ ಇಳಿಸಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ನಿಶ್ಚಯಿಸಿ, ಮಳೆಯ ರಾತ್ರಿಗಳಲ್ಲಿ ಏರಿಯ ಮೇಲೆ ಕಾವಲಿರುತ್ತಿದ್ದವನು ಅವನೇ. ಬಹುಮಟ್ಟಿಗೆ ದಲಿತ ಕುಟುಂಬಗಳೇ ಈ ಕಾರ್ಯವನ್ನು ವಂಶಪಾರಂಪರ್ಯವಾಗಿ ನಿರ್ವಹಿಸಿದವು. ಊರಿಗೆಲ್ಲ ನೀರು ಹಂಚಿದ ಕೈಗಳಿಗೆ ಊರಿನ ಬಾವಿಯನ್ನು ಮುಟ್ಟುವ ಹಕ್ಕು ಇರಲಿಲ್ಲವೆಂಬುದು ಈ ಇತಿಹಾಸದ ಕಪ್ಪು ಪುಟ. ಹಿಂದಿನದನ್ನು ಕೊಂಡಾಡುವವರು ಈ ಪುಟವನ್ನು ಮಡಿಚಿಡುವುದು ಸಲ್ಲದು.

ಇಲ್ಲಿ ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳ ನೆನಪು ಸಹಜ. ಹನ್ನೆರಡನೆಯ ಶತಮಾನದಲ್ಲಿ ಅವರು ಕೈಗೊಂಡ ಕೆರೆಯ ಕಾರ್ಯವನ್ನು ರಾಘವಾಂಕ ಕವಿ ವಿಸ್ತಾರವಾಗಿ ವರ್ಣಿಸಿದ್ದಾನೆ. ಆ ಕಾರ್ಯದ ನಡುವೆಯೇ ಅಲ್ಲಮಪ್ರಭುಗಳು ಬಂದು, ಮಣ್ಣು ಅಗೆಯುವ ಒಡ್ಡನೆಂದು ಅವರನ್ನು ಕರೆದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯನ್ನು ಓದಿದವರಿಗೆಲ್ಲ ಪರಿಚಿತ. ಪ್ರಭುವಿನ ಆಕ್ಷೇಪ ಗುದ್ದಲಿಯ ಮೇಲಲ್ಲ, ‘ನಾನು ಕಟ್ಟಿಸಿದೆ’ ಎಂಬ ಭಾವದ ಮೇಲೆ ಎಂದು ಗ್ರಹಿಸುವುದು ಯುಕ್ತ. ಮಣ್ಣುಕೆಲಸವನ್ನೇ ಕಾಯಕವಾಗಿಸಿಕೊಂಡ ಭೋವಿ ಸಮುದಾಯ ಇಂದಿಗೂ ಸಿದ್ಧರಾಮರನ್ನು ಗುರುವೆಂದು ಪೂಜಿಸುತ್ತದೆ. ಕಟ್ಟಿಸಿದವನ ಕೀರ್ತಿಗಿಂತ ಕಾಯುವವನ ಕಾಯಕ ಕಿರಿದಲ್ಲವೆಂಬ ತತ್ತ್ವ ಬೆಂಗಳೂರಿನ ಕೆರೆಗಳಿಗೂ ಅನ್ವಯಿಸುತ್ತದೆ.

ಕಾಯುವಿಕೆ ಹೇಗೆ ಸಡಿಲವಾಯಿತು? 1896ರ ಹೊತ್ತಿಗೆ ಹೆಸರಘಟ್ಟದಿಂದ ಕೊಳವೆಯ ನೀರು ನಗರಕ್ಕೆ ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. 1974ರಲ್ಲಿ ಸುಮಾರು 100 ಕಿಲೋಮೀಟರು ದೂರದ ಕಾವೇರಿಯ ನೀರನ್ನು ಯಂತ್ರಬಲದಿಂದ ಮೇಲೆತ್ತಿ ತರುವ ಮೊದಲ ಹಂತ ಪೂರ್ಣಗೊಂಡಿತು. ದೂರದ ನೀರು ನಲ್ಲಿಯಲ್ಲಿ ಹರಿದಂತೆ ಹತ್ತಿರದ ನೀರು ಕಣ್ಣಿಗೆ ಬೀಳದಾಯಿತು. ಧರ್ಮಾಂಬುಧಿ ಕೆರೆ ಬಸ್ಸು ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳ ಕ್ರೀಡಾಂಗಣವಾಯಿತು.

ಹೊರವಲಯದ ಕಥೆ ಇದಕ್ಕಿಂತ ಕಠಿಣವಾದುದು. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ನರಿಗೆ ನೀಡಿದ 3,900 ಎಕರೆಯಲ್ಲಿ ಕೃಷಿಗ್ರಾಮವಾಗಿ ಹುಟ್ಟಿದ ವೈಟ್‌ಫೀಲ್ಡ್ 1990ರ ದಶಕದಿಂದ ತಂತ್ರಾಂಶದ ಪಟ್ಟಣವಾಯಿತು. 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ವಸಾಹತು ಬೆಳೆಯಿತು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬುನಾದಿ ಹಾಕಿತು. ಗದ್ದೆ ಹೋದ ಮೇಲೆ ತೂಬು ಬೇಡವಾಯಿತು, ತೂಬು ಬೇಡವಾದ ಮೇಲೆ ನೀರುಗಂಟಿಯೂ ಬೇಡವಾದ. ಆದರೆ ಕಾವೇರಿಯ ನೀರು ಇಲ್ಲಿಗೆ ಬೇಗ ಬರಲಿಲ್ಲ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಹಾಗೂ 110 ಹಳ್ಳಿಗಳು ಮಹಾನಗರಕ್ಕೆ ಸೇರಿದವು; ಅನೇಕ ಬಡಾವಣೆಗಳಿಗೆ ಆಮೇಲೆಯೂ ಕೊಳವೆಬಾವಿ ಮತ್ತು ಟ್ಯಾಂಕರುಗಳೇ ಗತಿಯಾದವು. ಕೆರೆ ಮೇಲಿನಿಂದ ತುಂಬಿಸುತ್ತಿದ್ದ ಅಂತರ್ಜಲವನ್ನು ಕೊಳವೆಬಾವಿ ಕೆಳಗಿನಿಂದ ಬರಿದುಮಾಡಿತು.

ಪರಿಣಾಮಗಳು ಒಂದೊಂದಾಗಿ ಗೋಚರಿಸಿದವು. ಪೀಣ್ಯದ ಅಂತರ್ಜಲದಲ್ಲಿ, ಲೋಹಕ್ಕೆ ಲೇಪ ಕೊಡುವ ಕೆಲಸದಲ್ಲಿ ಬಳಕೆಯಾಗುವ ಕ್ರೋಮಿಯಂ ಪತ್ತೆಯಾಯಿತು. ಬೆಳ್ಳಂದೂರು, ವರ್ತೂರು ಕೆರೆಗಳಿಗೆ ದಶಕಗಳ ಕಾಲ ಕೊಳಚೆ ಹರಿದು, 2015ರಲ್ಲಿ ವರ್ತೂರಿನ ನೊರೆ ರಸ್ತೆಗೆ ಉಕ್ಕಿತು. ಬೆಳ್ಳಂದೂರಿನ ಕೆರೆಯಲ್ಲಿ 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಂಕಿಯೇ ಎದ್ದಿತು. ಎರಡನೆಯ ಬಾರಿ ಅದನ್ನು ಆರಿಸಲು ಸೈನಿಕರು ಬರಬೇಕಾಯಿತು. ಹೂಳಿನಿಂದೇಳುವ ಅನಿಲ, ಕೊಳಚೆಯಲ್ಲಿ ಕೊಬ್ಬಿ ಒಣಗಿದ ಕಳೆ, ಎಸೆದ ಕಸ ಇವೆಲ್ಲ ಮಳೆಯಿಲ್ಲದ ತಿಂಗಳುಗಳಲ್ಲಿ ಉರುವಲಾಗುತ್ತವೆ. 2022ರ ಸೆಪ್ಟೆಂಬರಿನಲ್ಲಿ ಇದೇ ಪೂರ್ವಭಾಗ ನೆರೆಯಲ್ಲಿ ಮುಳುಗಿ, ಉದ್ಯೋಗಿಗಳು ಟ್ರ್ಯಾಕ್ಟರುಗಳಲ್ಲಿ ಕಚೇರಿಗೆ ಸಾಗಿದರು. ನೀರಿಗೆ ದಾರಿ ತೋರುತ್ತಿದ್ದ ರಾಜಕಾಲುವೆಗಳು ಅಷ್ಟರಲ್ಲಿ ಕಿರಿದಾಗಿದ್ದವು, ಅಲ್ಲಲ್ಲಿ ಕಣ್ಮರೆಯಾಗಿದ್ದವು.

ಮರುವರ್ಷ ಮುಂಗಾರು ಕೈಕೊಟ್ಟಿತು. 2024ರ ವಸಂತದಲ್ಲಿ ನಗರದ ಸುಮಾರು 14,000 ಕೊಳವೆಬಾವಿಗಳಲ್ಲಿ 6,900 ಬತ್ತಿವೆಯೆಂದು ಮುಖ್ಯಮಂತ್ರಿಗಳೇ ತಿಳಿಸಿದರು. ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡದ ಕೆಲಸಕ್ಕೆ ಕುಡಿಯುವ ನೀರನ್ನು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ಆ ವರ್ಷ ಹೋಳಿಯ ಓಕುಳಿಗೂ ಮಿತಿ ಬಂದಿತು. ವಸಂತೋತ್ಸವಕ್ಕೆ ನೀರಿಲ್ಲದ ವಸಂತವನ್ನು ನಗರ ಕಂಡಿತು.

ಪರಿಹಾರದ ಪ್ರಯತ್ನಗಳು ಇಲ್ಲದಿಲ್ಲ. 1985ರಲ್ಲಿಯೇ ನೇಮಕಗೊಂಡ ಲಕ್ಷ್ಮಣರಾವ್ ಸಮಿತಿ ಕೆರೆಗಳ ಸಂರಕ್ಷಣೆಯ ಮಾರ್ಗವನ್ನು ಸೂಚಿಸಿತ್ತು. 2009ರಿಂದ ನಿಗದಿತ ಅಳತೆಯ ನಿವೇಶನಗಳಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರದ ಕೆರೆಗಳನ್ನು ತುಂಬುತ್ತಿದೆ. 2024ರ ಅಕ್ಟೋಬರ್ 16ರಂದು ಉದ್ಘಾಟನೆಗೊಂಡ ಕಾವೇರಿ ಐದನೆಯ ಹಂತ, ಹೊರವಲಯದ ಆ 110 ಹಳ್ಳಿಗಳಿಗಾಗಿ ದಿನಕ್ಕೆ 77 ಕೋಟಿ 50 ಲಕ್ಷ ಲೀಟರು ನೀರು ತರುವ ಯೋಜನೆ. ಇವೆಲ್ಲ ಕಟ್ಟುವಿಕೆಯ ಸಾಧನೆಗಳು, ಸ್ತುತ್ಯವಾದವುಗಳೇ. ಆದರೆ ನಲ್ಲಿ ಬಂದಾಗ ಕೆರೆಯನ್ನು ಮರೆತ ಹಳೆಯ ಕಥೆ ಹೊರವಲಯದಲ್ಲಿಯೂ ಪುನರಾವರ್ತನೆಯಾಗುವ ಭಯವಿದೆ.

ಆದುದರಿಂದ ವಸಂತದ ಕೆಲಸವನ್ನು ಮತ್ತೆ ವಸಂತಕ್ಕೆ ಒಪ್ಪಿಸಬೇಕಾಗಿದೆ. ಯುಗಾದಿಗೂ ಮುಂಗಾರಿಗೂ ನಡುವೆ ಪ್ರತಿ ಬಡಾವಣೆಯೂ ತನ್ನ ಚಾವಣಿಯನ್ನೂ ಸೋಸುತೊಟ್ಟಿಯನ್ನೂ ತೊಳೆದಿಡಬೇಕು. ನೂರು ಚದರ ಮೀಟರಿನ ಚಾವಣಿಯ ಮೇಲೆ 900 ಮಿಲಿಮೀಟರು ಮಳೆ ಬಿದ್ದರೆ ಅದು 90,000 ಲೀಟರು ನೀರು! ರಾಜಕಾಲುವೆಗೆ ಕಸ ಬೀಳದಂತೆ, ಒಣಕಳೆಗೆ ಕಿಡಿ ತಾಗದಂತೆ ನೋಡಿಕೊಳ್ಳಬೇಕು. ಕೊಳವೆಬಾವಿಯ ನೀರನ್ನು ಕುಡಿಯುವ ಮೊದಲು, ವಿಶೇಷವಾಗಿ ಕಾರ್ಖಾನೆಗಳ ನೆರೆಯಲ್ಲಿ, ಪರೀಕ್ಷೆಗೆ ಕಳುಹಿಸಬೇಕು. ಕ್ರೋಮಿಯಂ ಕುದಿಸಿದರೆ ಹೋಗುವಂಥದ್ದಲ್ಲ. ಕೆರೆಯ ಕಾವಲಿಗೆ ನಿಂತವರಿಗೆ ಬಿತ್ತುವಟ್ಟದಂತೆ ನಿಶ್ಚಿತ ವೇತನವೂ, ಹಿಂದೆ ದೊರೆಯದ ಮರ್ಯಾದೆಯೂ ದೊರೆಯಬೇಕು. ಪಟ್ಟಂದೂರಿನ ಕೆರೆ ಕಟ್ಟಿದ ಕಥೆಯನ್ನು ಹೇಳಲು ಕಾಡುಗೋಡಿಯ ಕಲ್ಲಿದೆ. ಅದನ್ನು ಶತಮಾನಗಳ ಕಾಲ ಕಾಯ್ದವರಿಗೆ ಕಲ್ಲಿಲ್ಲ, ಹೆಸರಿಲ್ಲ. ಅವರ ಋಣ ತೀರಬೇಕಾದರೆ ಕಾಯುವ ಕೆಲಸವೇ ಮುಂದುವರಿಯಬೇಕು.